ಹಸಿರು ಕಾರಿಗೆ ಯಾವ ನೀರು

ನನ್ನ ಕಾರಿನ ಬಗ್ಗೆ ಚಿಂತಾಮಣಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಹೆಂಗಸು ಓಡಿಸಬಾರದ ಕಾರು ಎಂಬುದು ಒಂದು. ಯಾರೂ ಓಡಿಸಬಾರದ ಕಾರು ಎಂಬುದು ಇನ್ನೊಂದು. ಕಾಲೇಜಿನ ಚರ್ಚಾಕೂಟದಲ್ಲಿ ನಾಲ್ಕು ವರ್ಷ ಪಳಗಿದ್ದ ನಾನು ಎರಡಕ್ಕೂ ಉತ್ತರ ಕೊಡಬಲ್ಲವಳಾಗಿದ್ದೆ, ಅವಕಾಶ ಸಿಕ್ಕಾಗಲೆಲ್ಲ ಕೊಟ್ಟೂ ಇದ್ದೆ.

ಅದು ಎರಡೇ ಸೀಟಿನ, ಬಟ್ಟೆಯ ಮಡಚು ಛಾವಣಿಯ, ನೆಲಕ್ಕೆ ಅಂಟಿಕೊಂಡಂತೆ ಕೂರುವ ಹಸಿರು ಬಣ್ಣದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಕೋಲಾರದ ಚಿನ್ನದ ಗಣಿಯಲ್ಲಿದ್ದ ಎಂಜಿನಿಯರ್ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಅಲ್ಲಿಯೇ ಫಿಟ್ಟರಾಗಿದ್ದ ನನ್ನ ತಂದೆಗೆ ಬಿಟ್ಟುಹೋಗಿದ್ದ. ತಂದೆ ನನಗೆ ಬಿಟ್ಟುಹೋದರು, ಜೊತೆಗೆ ಒಂದು ಪೆಟ್ಟಿಗೆ ಸ್ಪ್ಯಾನರುಗಳನ್ನೂ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಬೆಳಿಗ್ಗೆ ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಮಾಡಿ, ಮಧ್ಯಾಹ್ನ ವಯಸ್ಕ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಡುತ್ತಿದ್ದೆ. ವಾರದಲ್ಲಿ ಒಂದು ದಿನ ಚಿಕ್ಕಬಳ್ಳಾಪುರ, ಒಂದು ದಿನ ಗೌರಿಬಿದನೂರು, ಉಳಿದ ದಿನಗಳೆಲ್ಲ ಶಿಡ್ಲಘಟ್ಟ. ಬಸ್ಸನ್ನು ನಂಬಿದ್ದರೆ ಮೂರರಲ್ಲಿ ಒಂದು ಊರನ್ನಾದರೂ ಕೈಬಿಡಬೇಕಾಗುತ್ತಿತ್ತು. ಕಾರು ನನಗೆ ಶೋಕಿಯಾಗಿರಲಿಲ್ಲ. ಆದರೆ ಅದರಲ್ಲಿ ಶೋಕಿಯೇ ಇರಲಿಲ್ಲವೆಂದು ವಾದಿಸಿದರೆ ಸುಳ್ಳಾಡಿದಂತಾಗುತ್ತದೆ. ನಂದಿಯ ದ್ರಾಕ್ಷಿ ತೋಟಗಳ ನಡುವಿನ ತಿರುವುಗಳಲ್ಲಿ ಆ ಸ್ಟೀರಿಂಗ್ ಕೈಯಲ್ಲಿ ಕೂರುತ್ತಿದ್ದ ರೀತಿ ಇಂದಿಗೂ ನನ್ನ ಅಂಗೈಗೆ ನೆನಪಿದೆ.

ಹಳೆಯ ಕಾರಿನ ರೋಗಗಳು ಅನಂತವೆಂದು ಜನ ಭಾವಿಸುತ್ತಾರೆ. ಹಾಗಲ್ಲ. ಅವು ಏಳೆಂಟು ಮಾತ್ರ. ಅವೇ ಸರದಿಯ ಮೇಲೆ ಮರಳಿ ಬರುತ್ತವೆ. ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ವಿದ್ಯುತ್ ಪಂಪು ಸೀಟಿನ ಹಿಂದೆ ಟಕಟಕ ಎನ್ನುತ್ತಿರುತ್ತದೆ. ಆ ಸದ್ದು ನಿಂತರೆ ಒಳಗಿನ ಪಾಯಿಂಟು ಅಂಟಿಕೊಂಡಿದೆ ಎಂದರ್ಥ. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮತ್ತೆ ಎಚ್ಚರಗೊಳ್ಳುತ್ತದೆ. ಕಿಡಿ ಕೊಡುವ ಪಾಯಿಂಟುಗಳು ಕಪ್ಪಾದರೆ ಬೆಂಕಿಪೊಟ್ಟಣದ ಕಡ್ಡಿ ಗೀರುವ ಬದಿಯಿಂದ ಉಜ್ಜಿದರಾಯಿತು. ಸ್ಟಾರ್ಟರ್ ಕಚ್ಚಿಕೊಂಡರೆ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಜಗ್ಗಬೇಕು. ಜೋಡಿ ಕಾರ್ಬುರೇಟರುಗಳು ಸಮನಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಲು ಒಂದು ಮೊಳ ರಬ್ಬರ್ ಕೊಳವೆ ಸಾಕು: ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಇವೆಲ್ಲವನ್ನೂ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ರಸ್ತೆ ಬದಿಯಲ್ಲಿಯೇ ಮಾಡಿದ್ದೇನೆ. ವಿದುರಾಶ್ವತ್ಥದ ದಾರಿಯಲ್ಲಿ ಒಮ್ಮೆ ಕುರಿ ಕಾಯುವವರು ಸುತ್ತ ನಿಂತು, ನಾನು ಕೆಲಸ ಮುಗಿಸುವ ತನಕ ನೋಡಿ ಹೋದದ್ದುಂಟು.

ಆದ್ದರಿಂದ ಕಾರು ಕುದಿಯತೊಡಗಿದಾಗ ನಾನು ಹೆದರಲಿಲ್ಲ. ಹೆದರಬೇಕಾಗಿತ್ತು, ಏಕೆಂದರೆ ಶಿಡ್ಲಘಟ್ಟದ ತರಗತಿ ಒಂದು ಷರತ್ತಿನ ಮೇಲೆ ನಿಂತಿತ್ತು.

ಆ ತರಗತಿ ನಡೆಯುತ್ತಿದ್ದದ್ದು ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡಿನಲ್ಲಿ. ಹನ್ನೊಂದು ಮಂದಿ ಹೆಂಗಸರು ಬೆಳಗಿನಿಂದ ಬಿಸಿನೀರಿನ ಬೇಸಿನ್ನುಗಳ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹಿಡಿದು ಚರಕಕ್ಕೆ ಕೊಡುತ್ತಿದ್ದರು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಬೇಸಿನ್ನುಗಳ ನೀರು ಬದಲಾಗುವ ಹೊತ್ತು. ಆ ಒಂದು ಗಂಟೆಯನ್ನು ನಾನು ಶೆಡ್ಡಿನ ಯಜಮಾನರಾದ ಸಾಹೇಬರ ಹತ್ತಿರ ಬೇಡಿ ಪಡೆದಿದ್ದೆ. ಅವರು ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ.

"ನೋಡಿ ಟೀಚರಮ್ಮ, ಬೆಂದ ಗೂಡು ಯಾರ ಪಾಠಕ್ಕೂ ಕಾಯಲ್ಲ. ಎರಡಕ್ಕೆ ಸರಿಯಾಗಿ ನೀವಿದ್ರೆ ಈ ಗಂಟೆ ನಿಮ್ದು. ಮೂರು ಸಲ ತಡ ಆಯ್ತು ಅಂದ್ರೆ ಮತ್ತೆ ರೇಷ್ಮೆದು," ಎಂದಿದ್ದರು.

ನ್ಯಾಯವಾದ ನಿಯಮವೆಂದು ನಾನೇ ಒಪ್ಪಿದ್ದೆ. ಆ ಹೆಂಗಸರಿಗೆ ದಿನದಲ್ಲಿ ಬೇರೆ ಗಂಟೆಯೇ ಇರಲಿಲ್ಲ. ಅದು ಹೋದರೆ ಅವರ ಅಕ್ಷರವೂ ಹೋದಂತೆ.

ಮೊದಲ ಸಲ, ಊರಿಗೆ ಇನ್ನೂ ಎರಡು ಮೈಲಿ ಇರುವಾಗ, ಹುಣಸೆ ತೋಪಿನ ಬಳಿಯ ಏರಿನಲ್ಲಿ ಕಾರು ಬುಸುಗುಟ್ಟಿ ನಿಂತಿತು. ರೇಡಿಯೇಟರ್ ತಣಿಯಲು ಮುಕ್ಕಾಲು ಗಂಟೆ ಬೇಕಾಯಿತು. ಫ್ಯಾನ್ ಬೆಲ್ಟ್ ಸಡಿಲವೆಂದು ನಿರ್ಣಯಿಸಿ ಬಿಗಿ ಮಾಡಿದೆ. ಮರುದಿನ ಚಿಂತಾಮಣಿಯ ಮೆಕ್ಯಾನಿಕ್ಕಿನ ಬಳಿ ಹೋಗಿ, ನೀರಿನ ಹರಿವನ್ನು ತಡೆಯುವ ಥರ್ಮೋಸ್ಟಾಟನ್ನು ಅವನ ಕೈಯಿಂದಲೇ ತೆಗೆಸಿಹಾಕಿದೆ. ಅವನಿಗೆ ಅದರಿಂದ ತೃಪ್ತಿಯಾಗಲಿಲ್ಲ. ಆಯಿಲು ನೀರು ಬೆರೆಯದಂತೆ ಎಂಜಿನ್ನಿನ ತಲೆಯಡಿ ಕೂರುವ ಪದರದ ಮೇಲೆ ಅವನ ಗುಮಾನಿ.

"ಹೆಡ್ ಬಿಚ್ಚಣ ಮೇಡಮ್. ಗ್ಯಾಸ್ಕೆಟ್ ಹೋಗಿರ್ತದೆ."

"ಆಯಿಲಲ್ಲಿ ನೀರಿಲ್ಲ, ನೀರಲ್ಲಿ ಆಯಿಲಿಲ್ಲ. ಗ್ಯಾಸ್ಕೆಟ್ ಹೋಗಿದ್ರೆ ಎರಡರಲ್ಲಿ ಒಂದಾದ್ರೂ ಇರ್ಬೇಕಲ್ಲಪ್ಪ?"

"ನಿಮ್ ಜೊತೆ ನಾನು ಗೆಲ್ಲಲ್ಲ ಬಿಡಿ. ಕಾರ್ ಜೊತೆ ಮಾತಾಡಿ, ಅದಾದ್ರೂ ಒಪ್ಕೊಳ್ತದೇನೋ," ಎಂದು ಅವನು ಕೈ ಒರೆಸಿಕೊಂಡ. ಆಮೇಲೆ, "ನೀರು ಯಾವ್ದು..." ಎಂದು ಬಾಯಿ ತೆರೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. "ಅತ್ಯಂತ ಶುದ್ಧವಾದದ್ದು," ಎಂದು ನಾನು ಅವನ ವಾಕ್ಯವನ್ನು ಅಲ್ಲಿಗೇ ಮುಗಿಸಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ಶೆಡ್ಡಿನ ಮುಂದಿನ ಬೀದಿಗೆ ಕೊಳವೆಬಾವಿಯ ಕೈಪಂಪು ಬರಲು ಅರ್ಜಿ ಬರೆದು, ಕಚೇರಿಗಳಿಗೆ ಅಲೆದವಳು ನಾನೇ. ಕೆರೆಯ ನೀರು ರೋಗದ ತವರು, ಕೊಳವೆಬಾವಿಯ ನೀರು ಭೂಮಿಯೇ ಸೋಸಿ ಕೊಡುವ ನೀರು ಎಂದು ನಾಲ್ಕೂ ಊರುಗಳಲ್ಲಿ ಭಾಷಣ ಮಾಡಿದ್ದೆ. ಆಡಿದಂತೆ ನಡೆಯಬೇಕೆಂಬುದು ನನ್ನ ವ್ರತವಾಗಿತ್ತು. ಕಾರಿನ ನೀರಿನ ಪಂಪಿನ ಸೀಲು ಹನಿಹನಿಯಾಗಿ ಸೋರುತ್ತಿದ್ದುದರಿಂದ ದಿನವೂ ಒಂದು ಚೊಂಬು ನೀರು ತುಂಬಬೇಕಾಗಿತ್ತು. ಎರಡು ವರ್ಷ ಆ ಚೊಂಬನ್ನು ಕೈಪಂಪಿನಿಂದಲೇ, ನಾಲ್ಕು ಜನ ನೋಡಲೆಂದೇ, ತುಂಬಿದ್ದೆ. ಎಳನೀರಿನಷ್ಟು ತಿಳಿಯಾದ ಆ ನೀರನ್ನು ಯಾರಾದರೂ ಶಂಕಿಸಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಎರಡನೆಯ ಸಲ ಅದೇ ಏರಿನಲ್ಲಿ, ಅದೇ ತೋಪಿನ ಬಳಿ ಕುದಿಯಿತು. ಶೆಡ್ಡಿನ ಮುಂದೆ ಇಳಿದಾಗ ಎರಡೂವರೆ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ಇದು ಎರಡ್ನೇ ಸಲ, ಟೀಚರಮ್ಮ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾದಿಸಬಹುದಾಗಿತ್ತು.

ಹೆಂಗಸರು ಸ್ಲೇಟು ಹಿಡಿದು ಹೊರಗೆ ಬಂದರು. ಅವರಲ್ಲಿ ಹಿರಿಯಳಾದವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಬಿಸಿನೀರಿನಲ್ಲಿ ಬೆರಳಾಡಿಸಿ ಅವಳ ಕೈ ಬಿಳಿಚಿ ಸುಕ್ಕಾಗಿತ್ತು. ಅವಳು ನೇರವಾಗಿ ಕಾರಿನ ಮುಂದೆ ಹೋಗಿ ಬಗ್ಗಿ, ನಾನು ತೆರೆದಿಟ್ಟಿದ್ದ ರೇಡಿಯೇಟರಿನ ಬಾಯೊಳಗೆ ನೋಡಿದಳು.

"ನಿನ್ ಕಾರು ಎಲೆ ಅಡಿಕೆ ಹಾಕ್ಕೊಳ್ತದಾ ತಾಯಿ? ಬಾಯ್ ತುಂಬ ಸುಣ್ಣ."

ಹೆಂಗಸರು ನಕ್ಕರು. ನಾನೂ ಬಗ್ಗಿ ನೋಡಿದೆ. ದಿನವೂ ನೋಡುತ್ತಿದ್ದೆ, ಆದರೆ ಆ ಬಿಳಿಯ ಹಕ್ಕಳೆಯನ್ನು ಹಳೆಯ ಲೋಹದ ಬಣ್ಣವೆಂದು ಭಾವಿಸಿದ್ದೆ. ಅವಳು ಕೆಳಗೆ ಕೈ ಚಾಚಿ ರೇಡಿಯೇಟರಿನ ಮೈಯನ್ನು ಮುಟ್ಟಿದಳು. ಮೇಲಿನ ಅರ್ಧ ಸುಡುತ್ತಿತ್ತು. ಕೆಳಗಿನ ಅರ್ಧ ತಣ್ಣಗಿತ್ತು.

"ಒಳಗೆ ಕಟ್ಕೊಂಡಿದೆ. ನೀರು ಕೆಳಗೆ ಇಳೀತಾನೇ ಇಲ್ಲ. ಯಾವ ನೀರು ಹಾಕ್ತೀಯ?"

"ಕೈಪಂಪಿಂದು."

"ಅಯ್ಯೋ ನಿನ್ನ," ಎಂದಳು. ಬೈಗುಳದಂತಲ್ಲ, ಮಗುವಿನ ಮೊಣಕಾಲು ತರಚಿದಾಗ ಅನ್ನುವಂತೆ. ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು.

ಒಲೆಯ ಮೇಲೆ ಗೂಡು ಬೇಯಿಸುವ ಹಂಡೆಯಿತ್ತು, ಅದರ ಮೇಲೆ ತಾಮ್ರದ ಮುಚ್ಚಳ. ದೊಡ್ಡಮ್ಮ ಕಾರಿನಿಂದ ತರಿಸಿದ ನನ್ನ ಕೈಪಂಪಿನ ನೀರಿನ ಕ್ಯಾನಿನಿಂದ ಒಂದು ಹನಿ, ಶೆಡ್ಡಿನ ತೊಟ್ಟಿಯಿಂದ ಒಂದು ಹನಿ ಬೆರಳಿಂದ ಮುಚ್ಚಳದ ಮೇಲೆ ಚಿಮುಕಿಸಿದಳು. ಎರಡೂ ಚುರ್ ಎಂದು ಆರಿದವು. ತೊಟ್ಟಿಯ ಹನಿ ಆರಿದ ಕಡೆ ಕಂಡೂ ಕಾಣದ ಒಂದು ಕಲೆ. ನನ್ನ ಹನಿ ಆರಿದ ಕಡೆ ಸುಣ್ಣದಲ್ಲಿ ಎಳೆದಂತೆ ದುಂಡನೆಯ ಬಿಳಿ ಗೆರೆ. ಹೊಸ ನೀರು ಬಂದಾಗಲೆಲ್ಲ ನೂಲು ಬಿಚ್ಚುವವರು ಹೀಗೆಯೇ ನೋಡುತ್ತಾರಂತೆ.

"ಈ ನೀರಲ್ಲಿ ಗೂಡು ಹಾಕಿದ್ರೆ ನೂಲು ಒರಟಾಗ್ತದೆ. ಅದ್ಕೇ ಸಾಬ್ರು ಗಾಡಿ ಕಟ್ಸಿ ಕೆರೆ ನೀರು ತರ್ಸೋದು."

"ಕೆರೆ ನೀರು ಕೊಳಕು ಅಂತ ನಾನು ಇಲ್ಲೇ ಪಾಠ ಮಾಡಿದ್ನಲ್ಲ," ಎಂದೆ.

"ಕುಡಿಯೋಕೆ ಕೊಳಕು. ನಿನ್ ಕಾರು ಕುಡಿಯಲ್ಲ ತಾಯಿ, ಕಾಯಿಸ್ತದೆ."

"ಮೊದ್ಲೇ ಹೇಳಬಾರದಿತ್ತಾ?"

"ಯಾರು ಕೇಳಿದ್ರು? ನೀನು ಪಂಪಿನ ಮೇಲೆ ಭಾಷಣ ಮಾಡ್ತಿದ್ದೆ. ಚೆನ್ನಾಗಿತ್ತು. ಕೇಳ್ತಾ ಕೂತ್ಕೊಂಡ್ವಿ."

ಚರ್ಚಾಕೂಟದಲ್ಲಿ ಎದುರಾಳಿಯ ಎಷ್ಟೋ ಬಗೆಯ ವಾದಗಳನ್ನು ಗೆದ್ದಿದ್ದ ನಾನು, ಹೊರಗೆ ಹೋಗಿ ಕ್ಯಾನಿನಲ್ಲಿ ಉಳಿದಿದ್ದ ನೀರನ್ನು ಚೆಲ್ಲಿ ಬಂದೆ.

ಹಂಡೆಯ ಒಳಗೆ ಸುಣ್ಣ ಕಟ್ಟಿದರೆ ಅವರು ಹುಣಸೆಹುಳಿ ಹಾಕಿ ತೆಗೆಯುತ್ತಿದ್ದರು. ರೇಡಿಯೇಟರೂ ಹಿತ್ತಾಳೆ ತಾಮ್ರದ್ದೇ. ಆದ್ದರಿಂದ ತತ್ತ್ವತಃ ತಪ್ಪಿಲ್ಲವೆಂದು ನಾನು ಒಪ್ಪಿದೆ. ಸಂಜೆ ಬೇಸಿನ್ನುಗಳ ಕೆಲಸ ಮುಗಿಯುವ ತನಕ ಕಾದೆವು. ಒಂದು ದೊಡ್ಡ ಮುದ್ದೆ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ, ನಾರು ಬೀಜ ಉಳಿಯದಂತೆ ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿ ರೇಡಿಯೇಟರಿಗೆ ತುಂಬಿ, ಎಂಜಿನ್ನನ್ನು ನಿಂತಲ್ಲಿಯೇ ಓಡಿಸಿದೆ. ಅರ್ಧ ಗಂಟೆಯ ಬಳಿಕ ಕೆಳಗಿನ ನಲ್ಲಿ ತೆರೆದಾಗ ಮೊದಲು ಕಂದು ನೀರು, ಆಮೇಲೆ ಮಜ್ಜಿಗೆಯಂಥ ಬಿಳಿ ಗಸಿ ಸುರಿಯಿತು. ಮತ್ತೆ ತುಂಬಿದೆವು, ಮತ್ತೆ ಬಸಿದೆವು. ಹುಳಿ ಒಳಗೆ ಉಳಿದರೆ ಎಂಜಿನ್ನಿನ ಕಬ್ಬಿಣವನ್ನು ತಿನ್ನುತ್ತದೆಂದು ತಂದೆ ಕಲಿಸಿದ್ದರು. ಆದ್ದರಿಂದ ವಾಷಿಂಗ್ ಸೋಡಾ ಕರಗಿಸಿ ಒಮ್ಮೆ, ಬರಿಯ ಕೆರೆ ನೀರಿನಿಂದ ಮೂರು ಸಲ ತೊಳೆದೆ. ಸೋಡಾದ ಮಾತು ದೊಡ್ಡಮ್ಮನಿಗೆ ಹೊಸದು. "ಅದನ್ನ ನಮ್ ಹಂಡೆಗೂ ಹಾಕಣ," ಎಂದಳು. ಸಾಹೇಬರು ದೂರದಿಂದಲೇ ನೋಡುತ್ತಿದ್ದರು.

"ನನ್ ತೊಟ್ಟಿ ನೀರೆಲ್ಲ ಕಾರಿಗೇ ಆಯ್ತು. ನಾಳೆ ತಡ ಆದ್ರೆ ನಾನೇನ್ ಹೇಳ್ಬೇಕು?" ಎಂದರು.

"ಏನೂ ಹೇಳ್ಬೇಡಿ ಸಾಹೇಬ್ರೇ. ಸ್ಲೇಟೆಲ್ಲ ಎತ್ಕೊಂಡು ಹೋಗ್ತೀನಿ," ಎಂದೆ.

ಮರುದಿನ ಚಿಂತಾಮಣಿಯಿಂದ ಒಂದು ಗಂಟೆಗೆ ಹೊರಟೆ. ನೆತ್ತಿಯ ಮೇಲೆ ಬಿಸಿಲು. ಹುಣಸೆ ತೋಪಿನ ಏರು ಬಂದಾಗ ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಶಾಖದ ಮುಳ್ಳಿನ ಮೇಲಿತ್ತು. ಮುಳ್ಳು ನಡುಗೆರೆಗೆ ಬಂದು ಅಲ್ಲಿಯೇ ನಿಂತಿತು. ಏರು ದಾಟಿದೆ. ದಾಟಿದ ಕೂಡಲೇ ಎಂಜಿನ್ ಎರಡು ಸಲ ಬಿಕ್ಕಿ ಆರಿಹೋಯಿತು.

ಆ ಮೌನದಲ್ಲಿ ಒಂದು ಕ್ಷಣ ಹನ್ನೊಂದು ಸ್ಲೇಟುಗಳೂ ಕಣ್ಣ ಮುಂದೆ ಬಂದವು. ಆಮೇಲೆ ಕಿವಿಗೊಟ್ಟೆ. ಸೀಟಿನ ಹಿಂದೆ ಟಕಟಕ ಇರಲಿಲ್ಲ. ಇದು ನನಗೆ ಗೊತ್ತಿದ್ದ ರೋಗ. ಸ್ಪ್ಯಾನರ್ ತೆಗೆದು, ಹಿಂದಕ್ಕೆ ಬಾಗಿ, ಪಂಪಿನ ನೆತ್ತಿಗೆ ಮೂರು ಸಲ ತಟ್ಟಿದೆ. ಅದು ಗೊಣಗಿಕೊಂಡು ಎದ್ದಿತು. ಶೆಡ್ಡಿನ ಮುಂದೆ ನಿಲ್ಲಿಸಿದಾಗ ಸಾಹೇಬರು ಗೋಡೆಯ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಹತ್ತು ನಿಮಿಷ ಮುಂಚೆ ಬಂದ್ರಿ. ಇದನ್ನ ಎಲ್ಲಿ ಬರ್ಕೊಳ್ಲಿ?"

"ನಿನ್ನೆ ಮೊನ್ನೆದಕ್ಕೆ ವಜಾ ಹಾಕ್ಕೊಳ್ಳಿ."

"ಅದಾಗಲ್ಲ. ಎರಡು ಸಲ ಆಗಿದ್ದು ಆಗಿದ್ದೇ," ಎಂದರು. ಆದರೆ ಕುರ್ಚಿಯಿಂದ ಎದ್ದು ಅದನ್ನು ನನಗೆ ಬಿಟ್ಟುಕೊಟ್ಟರು.

ಅಂದಿನ ಪಾಠವನ್ನು ನಾನು ಒಂದು ತಿದ್ದುಪಡಿಯಿಂದ ಆರಂಭಿಸಿದೆ. ನೀರಿನ ಬಗ್ಗೆ ನಾನು ಹೇಳಿದ್ದು ಅರ್ಧ ಸತ್ಯ. ಕುಡಿಯಲು ಒಳ್ಳೆಯದಾದದ್ದು ಕಾಯಿಸಲೂ ಒಳ್ಳೆಯದೇ ಎಂದು ನಾನು ಪರೀಕ್ಷಿಸಿರಲಿಲ್ಲ, ಪರೀಕ್ಷಿಸಿದವರನ್ನು ಕೇಳಿಯೂ ಇರಲಿಲ್ಲ, ಎಂದೆ. ಭಾಷಣ ಇನ್ನೂ ಸ್ವಲ್ಪ ಬೆಳೆಯುತ್ತಿತ್ತೇನೋ.

"ಒಪ್ಕೊಂಡೆಯಲ್ಲ, ಸಾಕು," ಎಂದಳು ದೊಡ್ಡಮ್ಮ. "ಬೋರ್ಡಿಗೆ ಬರಿ. ಮೂರಕ್ಕೆ ಬೇಸಿನ್ ಕಾಯ್ತದೆ."

ಮೂರನೆಯ ಸಲ ತಡವಾಗಲಿಲ್ಲ. ಅಂದಿನಿಂದ ಪಾಠ ಮುಗಿಸಿ ಹೊರಬರುವ ಹೊತ್ತಿಗೆ ಶೆಡ್ಡಿನ ತೊಟ್ಟಿಯಿಂದ ತುಂಬಿಸಿದ ಒಂದು ಕ್ಯಾನು ಸೀಟಿನ ಹಿಂದೆ ಇರುತ್ತಿತ್ತು. ಅದನ್ನು ಇಡುತ್ತಿದ್ದವಳು ದೊಡ್ಡಮ್ಮ. ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಆ ಕ್ಯಾನಿನ ಮೇಲೆ ಸೀಮೆಸುಣ್ಣದ ಅಕ್ಷರಗಳಿದ್ದವು. ಯಾರೂ ಹೇಳಿಕೊಡದೆ, ಯಾರೂ ಕೇಳದೆ ಅವಳು ಬರೆದ ಮೊದಲ ಸಾಲು ಅದು. ಗೆರೆ ಓರೆಯಾಗಿತ್ತು, ಆದರೆ ಇದ್ದ ಒಂದೇ ಒತ್ತಕ್ಷರವೂ ತಪ್ಪಿರಲಿಲ್ಲ:

ಕಾರಿನ ನೀರು. ಟೀಚರಮ್ಮ ಕುಡಿಯಬಾರದು.