ಒಂದು ಪಾನಾದ ಮನೆತನ

ಸುತ್ತಿಗೆಯಾಗಲಿ ಸ್ಪ್ಯಾನರಾಗಲಿ, ಯಾವ ಹಳೆಯ ಹತ್ಯಾರವನ್ನು ಕೈಗೆ ಕೊಟ್ಟರೂ ಚನ್ನಬಸಪ್ಪ ಅಂಕಲ್ ಮೊದಲು ಅದನ್ನು ಮೂಸುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ತುಕ್ಕು ಒರೆಸಿ, ಕನ್ನಡಕವನ್ನು ಹಣೆಗೇರಿಸಿ, ಹೆಣ್ಣು ನೋಡಲು ಬಂದ ಹಿರಿಯರ ಗತ್ತಿನಲ್ಲಿ ಕೇಳುತ್ತಿದ್ದರು: "ಇದು ಯಾರ ಮನೀದು?"

ಕಡಲಾಚೆಯ ಈ ದೇಶದಲ್ಲಿ, ಟೋವಾ ಪಾಯೋ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಅವರದು ನನ್ನ ಮನೆಗಿಂತ ಕೆಳಗಿನ ಮಹಡಿ. ಹುಟ್ಟಿದ್ದು ಗದಗ, ಇಲ್ಲಿ ಶಿಪ್‌ಯಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾನು ಮೈಸೂರಿನವಳು, ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಕೆಲಸ, ಒಬ್ಬಳೇ ಇರುವುದು. ಒಂದು ದಿನ ಲಿಫ್ಟಿನಲ್ಲಿ ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕರು, ತಾಯಿ ಜೋಡಿ ಹಂಗ ಮಾತಾಡಬಾರದವಾ ಎಂದರು. ಗುರುತಿಲ್ಲದವರು ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಆ ಲಿಫ್ಟಿನಲ್ಲಿ ಎಂದೂ ಕನ್ನಡ ಕೇಳಿದವಳಲ್ಲ, ಬೈಸಿಕೊಂಡೂ ಖುಷಿಯಾಯಿತು. ಅಂದಿನಿಂದ ನನ್ನ ಭಾನುವಾರಗಳು ಅವರ ಮನೆಯಲ್ಲೇ ಕಳೆಯತೊಡಗಿದವು.

ಅವರ ಮಲಗುವ ಕೋಣೆಯಲ್ಲಿ ಮನುಷ್ಯರು ಮಲಗಲು ಜಾಗವಿರಲಿಲ್ಲ. ಸ್ಪ್ಯಾನರು, ಗರಗಸ, ಉಳಿ, ಸುತ್ತಿಗೆ, ಎಲ್ಲವೂ ಹಳೆಯವು, ಎಲ್ಲವೂ ಅಮೆರಿಕದವು. ಸುಂಗೈ ರೋಡಿನ ಹಳೇ ಸಾಮಾನಿನ ಸಂತೆ ಇದ್ದಷ್ಟು ದಿನ ಅಲ್ಲಿ, ಅದು ಮುಚ್ಚಿದ ಮೇಲೆ ಗುಜರಿಯವರ ಬಳಿ ಆಯ್ದು ತಂದವು. ಅವರು ಅವುಗಳಿಂದ ಒಂದು ಮೊಳೆಯನ್ನೂ ಹೊಡೆದವರಲ್ಲ. ಬೇಕಾದದ್ದು ವಂಶಾವಳಿ. ಯಾವ ಕಂಪನಿ ಯಾವ ಕಂಪನಿಯನ್ನು ಕೊಂಡಿತು, ಯಾರು ಮಾಡಿದ್ದಕ್ಕೆ ಯಾರು ಹೆಸರು ಒತ್ತಿಕೊಂಡರು ಎನ್ನುವುದೇ ಅವರ ಧ್ಯಾನ. ನಮ್ಮ ಬ್ಯಾಂಕಿನಲ್ಲಿ ಇಂಥದ್ದಕ್ಕೆ ದೊಡ್ಡ ದೊಡ್ಡ ಪದಗಳಿವೆ. ಅಂಕಲ್ ಎಲ್ಲವನ್ನೂ ಬೀಗರ ಭಾಷೆಯಲ್ಲೇ ಮುಗಿಸುತ್ತಿದ್ದರು. ಕನೆಕ್ಟಿಕಟ್ಟಿನ ಉಳಿಯ ಮನೆ ನೆರೆಯ ಗರಗಸದ ಮನೆಗೆ ಸೊಸೆಯಾಗಿ ಹೋಯಿತು. ಅಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಕಾರ್ಖಾನೆಗೆ ಬೆಂಕಿ ಬಿತ್ತು. ಕೊನೆಗೆ ಯಾರೋ ದೂರದವರು ಬಂದು ಬರೀ ಹೆಸರನ್ನು ಕೊಂಡು ಹೋದರು. ಅಂಗಡಿಯವರ ಹೆಸರು ಹೊತ್ತು ಮಾರಾಟವಾದವು ಅವರ ಲೆಕ್ಕದಲ್ಲಿ ಸಾಕುಮಕ್ಕಳು.

"ಮಂದಿ ಹೆಸರ ಓದ್ತಾರ," ಎನ್ನುತ್ತಿದ್ದರು, "ನಾ ಅಂಚು ನೋಡ್ತೀನಿ. ಹೆಸರ ಹ್ಯಾಂಗ ಬೇಕಾದ್ರೂ ಬದಲಾಕ್ಕೈತಿ. ಕಾರ್ಖಾನ್ಯಾಗ ಹುಟ್ಟಿದ್ದಕ್ಕ ಅಚ್ಚಿನ ಗೆರಿ ಇದ್ದ ಇರತೈತಿ." ಎರಡು ಹೋಳಿನ ಅಚ್ಚು ಕೂಡಿದಲ್ಲಿ ಕಬ್ಬಿಣದ ಅಂಚಿಗೆ ಉಳಿಯುವ ಸಣ್ಣ ಏಣು ಅದು. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿ ತೋರಿಸುತ್ತಿದ್ದರು.

ಇದೇ ಹುಚ್ಚಿನ ನಾಲ್ಕಾರು ಮುದುಕರು ಅಮೆರಿಕದಲ್ಲಿ ಅವರ ಇಮೇಲ್ ಗೆಳೆಯರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಯಾರಿಂದಲಾದರೂ ಬಹುಕಾಲ ಉತ್ತರ ಬರದಿದ್ದರೆ ಅಂಕಲ್ ಏನೂ ಕೇಳುತ್ತಿರಲಿಲ್ಲ, ಆತನ ಊರಿನ ಹತ್ಯಾರಗಳನ್ನೆಲ್ಲ ಹೊರತೆಗೆದು ಎಣ್ಣೆ ಹಚ್ಚಿ ಒರೆಸಿಡುತ್ತಿದ್ದರು. ಅಂಥ ಭಾನುವಾರ ನಾನೂ ಒಂದು ಬಟ್ಟೆ ತೆಗೆದುಕೊಂಡು ಜೊತೆಗೆ ಕೂರುತ್ತಿದ್ದೆ.

ಇಷ್ಟೆಲ್ಲ ಶುರುವಾದದ್ದು ಒಂದು ಪುಟ್ಟ ಸ್ಪ್ಯಾನರಿನಿಂದ. ಅವರು ಅದನ್ನು ಪಾನಾ ಎನ್ನುತ್ತಿದ್ದರು, ದೇವರ ಜಗಲಿಯ ಪಕ್ಕ ಇಟ್ಟಿದ್ದರು. ಚಿಕ್ಕವರಿದ್ದಾಗ ಅವರನ್ನು ರಾಣೆಬೆನ್ನೂರಿನ ಮಕ್ಕಳಿಲ್ಲದ ಸೋದರತ್ತೆಗೆ ದತ್ತಕ ಕೊಟ್ಟರಂತೆ. ಮನೆ ಬದಲಾಯಿತು, ಅಡ್ಡಹೆಸರು ಬದಲಾಯಿತು. ಹೆತ್ತ ತಂದೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿನ ಯಂತ್ರಗಳು ಅಮೆರಿಕದಿಂದ ತಮ್ಮ ಪಾನಾಗಳ ಸಮೇತ ಬಂದವು. ಹೊರಡುವಾಗ ತಂದೆ ಒಂದು ಮಾತೂ ಆಡದೆ ಇದನ್ನು ಮಗನ ಚೀಲಕ್ಕೆ ಹಾಕಿದ್ದರು.

"ಐದು ಮಕ್ಕಳಾಗ ನಾ ಒಬ್ಬಾವ ಹೆಚ್ಚಾಗಿದ್ದೆ," ಎಂದಿದ್ದರು ಒಮ್ಮೆ. "ಕೈಗೆ ಸಿಕ್ಕಿದ್ದು ಕೊಟ್ಟು ಕಳಿಸಿದ."

ಅದರ ಮೇಲೆ ಹೆಸರಿರಲಿಲ್ಲ, ಶಂಕರಪೋಳಿ ಆಕಾರದ ಒಂದು ಗುರುತು ಮಾತ್ರ. ಅಂಥದೇ ಗುರುತಿನ ಸಣ್ಣ ಕಂಪನಿಯೊಂದು ಓಹಾಯೋದಲ್ಲಿತ್ತೆಂದೂ, ಅದು ಮೂರು ಕೈ ಬದಲಾಯಿತೆಂದೂ ಅಂಕಲ್ ಪತ್ತೆ ಹಚ್ಚಿದ್ದರು. ಆದರೆ ಇಷ್ಟು ಚಿಕ್ಕ ಪಾನಾ ಆ ಮೂರೂ ಮನೆಗಳ ಕ್ಯಾಟಲಾಗಿನಲ್ಲಿ ಇರಲಿಲ್ಲ. ಗೊತ್ತಾಗಿ ಏನಾಗಬೇಕು ಅಂಕಲ್ ಎಂದು ನಾನು ಕೇಳಿದರೆ, ಅದಕ್ಕಾದರೂ ತನ್ನ ಮನೆ ಯಾವುದೆಂದು ತಿಳಿಯಲಿ ಎಂದರು.

ಓಹಾಯೋದ ಗೆಳೆಯನಿಗೆ ಅದನ್ನು ವಿಡಿಯೋ ಕಾಲಿನಲ್ಲಿ ತೋರಿಸೋಣ ಎಂದು ಹಟ ಹಿಡಿದವಳು ನಾನೇ. ಅಂದು ಬೆಳಿಗ್ಗೆ ಅಂಕಲ್ ಇಸ್ತ್ರಿ ಅಂಗಿ ಹಾಕಿ, ವಿಭೂತಿ ಧರಿಸಿ ಲ್ಯಾಪ್‌ಟಾಪಿನ ಮುಂದೆ ಕೂತರು. ಆ ಕಡೆಯ ಮುದುಕನೂ ತಲೆ ಬಾಚಿಕೊಂಡು ಕೂತಿದ್ದ. ಆಮೇಲೆ ಆತ ಪಾನಾವನ್ನು ಓರೆಯಾಗಿ ಹಿಡಿಯಲು ಹೇಳಿದ. ಮಗ್ಗಲು ಬದಲಿಸಲು ಹೇಳಿದ. ಇನ್ನೂ ಹತ್ತಿರ ತರಲು ಹೇಳಿ ಬಹಳ ಹೊತ್ತು ನೋಡಿದ.

ಅಂಚಿನಲ್ಲಿ ಅಚ್ಚಿನ ಗೆರೆಯೇ ಇಲ್ಲವಲ್ಲ ಎಂದ. ಕೈಯಾಡಿ ಸವೆದಿರಬೇಕು ಎಂದರು ಅಂಕಲ್. ಆತ ತಲೆಯಾಡಿಸಿದ. ಇದು ಸವೆದದ್ದಲ್ಲ, ಮೈತುಂಬ ಸುತ್ತಿಗೆಯ ಪೆಟ್ಟಿದೆ; ಆ ಗುರುತೂ ಒತ್ತಿದ್ದಲ್ಲ, ಚಾಣದಿಂದ ಕಡಿದ ನಾಲ್ಕು ಗೀರು, ಒಂದು ಉಳಿದವಕ್ಕಿಂತ ಉದ್ದ. ಯಾರೋ ಓಹಾಯೋದ ಪಾನಾ ನೋಡಿಕೊಂಡು ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ್ದಾರೆ, ಅಮೆರಿಕದ ಯಾವ ಮನೆಯದೂ ಅಲ್ಲ ಎಂದ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದ:

"ಹಿಡಿ ದೊಡ್ಡವರ ಕೈಗೆ ಸಾಲುವುದಿಲ್ಲ. ಯಾವ ಮಗುವಿಗೆಂದು ಮಾಡಿದ್ದು ಇದು?"

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಕಂಡಕಂಡ ಕಬ್ಬಿಣದ ಅಂಚು ಸವರಿದ ಮನುಷ್ಯ ತನ್ನ ಚೀಲದಲ್ಲಿ ಬಂದದ್ದರ ಅಂಚನ್ನು ನಂಬಿರಲಿಲ್ಲ. ಅಂಕಲ್ ಪಾನಾವನ್ನು ಮುಷ್ಟಿಯಲ್ಲಿ ಹಿಡಿದರು. ಅರ್ಧ ಅಂಗೈ ಹೊರಗೇ ಉಳಿಯಿತು. ನಾನೇ ಏನೋ ಹೇಳಿ ಕಾಲ್ ಮುಗಿಸಿದೆ. ನನಗೆ ಅಳು ಬಂದಿತ್ತು, ಅವರಿಗೆ ಬಂದಿರಲಿಲ್ಲ.

"ನನಗಂತ ಅಪ್ಪ ಬಡದಾನವಾ," ಎಂದರು ಕೊನೆಗೆ. "ಯಾರಿಗರ ಹೇಳಬೇಕಂದ್ರ ಯಾರದಾರ?"

ಆ ತಂದೆಯ ಕೈಕೆಲಸ ಕಂಡವರು, ನಾಲ್ವರು ಒಡಹುಟ್ಟಿದವರೂ ಸೇರಿ, ಯಾರೂ ಉಳಿದಿರಲಿಲ್ಲ. ಹಾಗಾಗಿ ಅವರು ನನಗೇ ಹೇಳಿದರು. ನಾನು ಎದುರಿಗೇ ಕೂತು ಕೇಳಿದವಳೆಂಬುದನ್ನು ಮರೆತು ಮುಂದಿನ ಭಾನುವಾರವೂ ಮೊದಲಿನಿಂದ ಹೇಳಿದರು, ಅದರ ಮುಂದಿನ ಭಾನುವಾರವೂ ಹೇಳಿದರು. ನಾನು ಪ್ರತಿಸಲ ಹೊಸದಾಗಿ ಕೇಳಿದೆ. ಬಾಕಿ ಹತ್ಯಾರಗಳ ವಿಷಯ ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಕಡೆಯ ಸಲ ಹೋದಾಗ ಮೈ ಸರಿಯಿಲ್ಲವೆಂದು ಮಲಗಿದ್ದರು. ಪಾನಾವನ್ನು ನನ್ನ ಕೈಗಿಟ್ಟು, ಹಳೇ ಗತ್ತಿನಲ್ಲೇ ಪರೀಕ್ಷೆ ಮಾಡಿದರು.

"ಇದು ಯಾರ ಮನೀದು, ಹೇಳು?"

"ನಿಮ್ಮನೇದೇ ಅಂಕಲ್," ಎಂದೆ.

"ಇನ್ನ ನಿಂದವಾ. ದತ್ತಕ ತೊಗೊ."

ಅದೇ ವಾರ ನಾನು ಆಫೀಸಿನಲ್ಲಿದ್ದಾಗ ಅವರು ಹೋದರು. ಹೆಂಡತಿಯ ಕಡೆಯ ಸಂಬಂಧಿಯೊಬ್ಬರು ಬಂದು ಕೋಣೆಯನ್ನು ಗುಜರಿಯವನಿಗೆ ತೋರಿಸಿದರು. ಓಹಾಯೋಗೆ ನಾನು ಇಮೇಲ್ ಬರೆದೆ, ಉತ್ತರ ಬರಲಿಲ್ಲ.

ಪಾನಾ ಈಗ ನನ್ನ ಕಿಟಕಿಯಲ್ಲಿದೆ. ಮನೆಗೆ ಅಪರೂಪಕ್ಕೆ ಯಾರಾದರೂ ಬಂದರೆ ಅವರ ಕಣ್ಣು ಅದರ ಮೇಲೆ ಬೀಳುವಂತೆ ಕೂರಿಸುತ್ತೇನೆ. ಗದಗದ ಕುಲುಮೆಯಿಂದ ಹಿಡಿದು ಅದರ ವಂಶಾವಳಿ ಪೂರ್ತಿ ನನಗೆ ಬಾಯಿಪಾಠವಿದೆ. ಇದು ಯಾರದು ಎಂದು ಇದುವರೆಗೆ ಯಾರೂ ಕೇಳಿಲ್ಲ.