ಪಕ್ಕದ ಮನೆಗೆ ಬರುತ್ತಿದ್ದವರು

ಜುಲೇಖಾ, ಮುಂಬೈಯ ಸಯನ್‌ನಲ್ಲಿದ್ದ ಆ ಮನೆ ನಿಮ್ಮ ಕೈತಪ್ಪಿದ್ದು ನನ್ನ ಮಾತಿನಿಂದ. ಯಾರು ಹೇಳಿದರೆಂದು ಕಮಿಟಿಯವರು ನಿಮಗೆ ತಿಳಿಸಲಿಲ್ಲ. ನಾನಂತೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ದಕ್ಷಿಣದವರೆಂದರೆ ಕೆಲವರಿಗೆ ಮೈಯೆಲ್ಲ ಉರಿ. ಗ್ರಾಂಟ್ ರೋಡಿನಲ್ಲಿ ನಮ್ಮವರ ಹೋಟೆಲಿನ ಗಾಜು ಪುಡಿ ಮಾಡಿದ ಮೇಲೆ ನಮ್ಮ ಯಜಮಾನರು ಲೋಕಲ್ ರೈಲಿನಲ್ಲಿ ಕನ್ನಡ ಪೇಪರ್ ಬಿಡಿಸುವುದನ್ನೇ ನಿಲ್ಲಿಸಿದರು. ನಾನು ಬಾಗಿಲ ಮೇಲಿನ ಕನ್ನಡ ಬೋರ್ಡು ಕಿತ್ತು ಮಂಚದ ಕೆಳಗೆ ತಳ್ಳಿದೆ. ನೀನು ನಕ್ಕಿದ್ದೆ— "ಬೋರ್ಡ್ ತಗದ್ರ ನಿಮ್ಮ ಸಾರಿನ ವಾಸನಿ ಎಲ್ಲಿ ಮುಚ್ಚಿಡ್ತೀರಿ ಅಕ್ಕಾ?" ನಾನೂ ನಕ್ಕೆ. ಒಳಗೆ ಮಾತ್ರ ಜೀವ ಕೈಯಲ್ಲಿತ್ತು.

ಆಗಲೇ ಮಾಲೀಕ ಬಿಲ್ಡಿಂಗನ್ನು ಬಾಡಿಗೆದಾರರಿಗೇ ಮಾರಲು ಒಪ್ಪಿದ, ಸೊಸೈಟಿ ಆಯಿತು. ಸದಸ್ಯರಾದವರಿಗೆ ಮನೆ ಸ್ವಂತ, ಆಗದವರು ಖಾಲಿ ಮಾಡಬೇಕು. ನಿಮ್ಮನ್ನು ಸೇರಿಸಿಕೊಳ್ಳಲು ಕಮಿಟಿಗೆ ಮನಸ್ಸಿರಲಿಲ್ಲ. ಮುಸಲ್ಮಾನರೆಂಬ ಕಾರಣಕ್ಕೆ ಬೇಡವೆಂದರೆ ಕಾನೂನು ಒಪ್ಪುವುದಿಲ್ಲವೆಂದು ವಕೀಲರು ಹೇಳಿಬಿಟ್ಟಿದ್ದರು. ನೆರೆಯವರ ದೂರೇನಾದರೂ ಇದ್ದರೆ ಮಾತು ಬೇರೆ. ನಿಮಗೆ ಗೋಡೆಗೆ ಗೋಡೆ ತಾಗಿ ಇದ್ದವಳು ನಾನೊಬ್ಬಳೇ. "ಅಕ್ಕಾ ಅದಾರ, ನಮಗೇನ್ ಚಿಂತಿ?" ಎಂದು ನೀನು ಗಂಡನಿಗೆ ಹೇಳಿದ್ದು ಗೋಡೆಯಾಚೆ ನನಗೆ ಕೇಳಿಸಿತ್ತು.

ಸಭೆ ಟೆರೇಸಿನ ಮೇಲೆ. ಯಜಮಾನರಿಗೆ ಡ್ಯೂಟಿ ಇದ್ದುದರಿಂದ ನಾನು ಹೋಗಿದ್ದೆ. ನೀವಿನ್ನೂ ಸದಸ್ಯರಲ್ಲವೆಂದು ಕೆಳಗೇ ಕಾಯುತ್ತಿದ್ದಿರಿ. ನೀರಿನ ಟಾಂಕಿಗೆ ಒರಗಿ ನಮ್ಮ ಬಿಲ್ಡಿಂಗಿನವರಲ್ಲದ ಇಬ್ಬರು ಗಂಡಸರು ನಿಂತಿದ್ದರು. ಒಬ್ಬ ನನ್ನತ್ತ ಗಲ್ಲ ಎತ್ತಿ, "ಹೀ ಮದ್ರಾಸೀ ಕಾ?" ಎಂದ, ಇವಳು ಮದ್ರಾಸಿಯೇ ಎಂದು. ಇವತ್ತು ನೀವು, ನಾಳೆ ನಾವು— ಅಷ್ಟೇ ತಲೆಯಲ್ಲಿ.

ಪಕ್ಕದವರಿಂದ ಏನಾದರೂ ತೊಂದರೆ ಇದೆಯೇ ಎಂದು ಅಧ್ಯಕ್ಷರು ಕೇಳಿದರು.

"ಉಧರ್ ಕೌನ್ ಕೌನ್ ಆತಾ ಹೈ, ಹಮ್‌ಕೋ ಮಾಲೂಮ್ ನಹೀ," ಎಂದೆ.

ಅಲ್ಲಿಗೆ ಯಾರ್ಯಾರೋ ಬರುತ್ತಾರೆ, ಯಾರೆಂದು ಗೊತ್ತಿಲ್ಲ! ಗೊತ್ತಿರಲಿಲ್ಲವೇ ನನಗೆ? ಆಸ್ಪತ್ರೆಗೆಂದು ಹುಬ್ಬಳ್ಳಿಯಿಂದ ಬಂದ ನಿನ್ನ ನೆಂಟರು. ಮುಂಬೈಯಲ್ಲಿ ಯಾವ ಕನ್ನಡದವರ ಮನೆಯಲ್ಲಿ ಊರಿನ ರೋಗಿಗಳು ಬಂದು ಇಳಿಯುತ್ತಿರಲಿಲ್ಲ? ನಮ್ಮಲ್ಲಿಗೂ ಮೈಸೂರಿನಿಂದ ಬರುತ್ತಿದ್ದರು. ನಿನ್ನ ಸೋದರಮಾವನಿಗೆ ಆಪರೇಷನ್ ಆದಾಗ ಗಂಜಿ ಕಾಯಿಸಿ ಕೊಟ್ಟವಳು ನಾನು. ನಿಮ್ಮಲ್ಲಿ ಜಾಗ ಸಾಲದೆ ನಿನ್ನ ಅತ್ತೆ ಮಲಗಿದ್ದು ನನ್ನ ಚಾಪೆಯ ಮೇಲೆ. ಕಮಿಟಿಗೆ ಬೇಕಾಗಿದ್ದ ದೂರು ನನ್ನಿಂದಲೇ ಸಿಕ್ಕಿತು. ಕಾನೂನು ನಿಮ್ಮ ಕಡೆಗಿತ್ತು ಜುಲೇಖಾ, ನಾನು—

ಸಾಮಾನು ಟೆಂಪೋಗೆ ಏರಿಸಿದ ಮೇಲೆ ನೀನು ನನ್ನ ಕೈ ಹಿಡಿದುಕೊಂಡೆ. "ಯಾರೋ ಚಾಡಿ ಹೇಳ್ಯಾರ ಅಕ್ಕಾ. ಆ ಕೆಳಗಿನ ಮನಿ ಪಾರುಳೇಕರ್ ಬಾಯೀನ ಇರಬೇಕು. ನಮ್ಮ ಹುಡುಗ್ರು ಆಡಿದ್ರ ದಿನಾ ಬೈತಿದ್ರು."

"ಇರಬಹುದು," ಎಂದೆ.

ಪಾರುಳೇಕರ್ ಬಾಯಿಯವರ ಮಾತು ಒರಟು, ನಿಜ. ಆದರೆ ಟೆರೇಸಿನ ಮೇಲೆ ನೋಯುವ ಮಂಡಿ ಹಿಡಿದುಕೊಂಡು ಎದ್ದು ನಿಂತು, ಇದು ಅನ್ಯಾಯ ಎಂದು ನಿಮ್ಮ ಪರವಾಗಿ ಕೈ ಎತ್ತಿದ್ದು ಅವರೊಬ್ಬರೇ. ಮುಂದೆ ಮಾರ್ಕೆಟ್ಟಿನಲ್ಲಿ ಮಾತಾಡಿಸಲು ಬಂದರೆ ನೀನು ಮುಖ ತಿರುಗಿಸಿದೆಯೆಂದು ನನ್ನ ಹತ್ತಿರವೇ ಹೇಳಿ ಕಣ್ಣೊರೆಸಿಕೊಂಡರು. ನಿನ್ನ ಅನುಮಾನಕ್ಕೆ ನಾನು ಇರಬಹುದೆಂದಿದ್ದನ್ನು ಆಗಲೂ ಅವರಿಗೆ ಹೇಳಲಿಲ್ಲ. ನಿಜ ಹೇಳಿದರೆ ಇಬ್ಬರೂ ನನ್ನನ್ನು ಬಿಟ್ಟುಬಿಡುತ್ತೀರೆಂಬ ಹೆದರಿಕೆ.

ಪಾರುಳೇಕರ್ ಬಾಯಿ ಈಗ ಬದುಕಿಲ್ಲ. ಕುರ್ಲಾದ ನಿನ್ನ ಮನೆ ಎಲ್ಲಿದೆಯೆಂದು ಕೇಳಿ ತಿಳಿದುಕೊಂಡಿದ್ದೇನೆ, ಭಾನುವಾರ ಬರುತ್ತೇನೆ. ಕಾಗದದಲ್ಲಿ ಬರೆದರೆ ಸಾಲದು. ಒಳಗೆ ಕರೆಯಬೇಡ, ಹೊಸಿಲಲ್ಲೇ ನಿಂತು ಹೇಳುತ್ತೇನೆ. ಪಾರುಳೇಕರ್ ಬಾಯಿಯನ್ನು ಕಂಡು ತಿರುಗಿಸಿದ ಆ ಮುಖವನ್ನು, ಜುಲೇಖಾ, ನನ್ನನ್ನು ಕಂಡು ತಿರುಗಿಸು.