ಖಾನಾಪುರದ ಮನೆಯಿಂದ ಬಂದ ಪಿಯಾನೋ

ಇವತ್ತು ಬೆಳಗಾವಿ ಶಹಾಪುರದ ನಮ್ಮ ಮನೆಗೆ ರಿಪೇರಿಯವರು ಬಂದು ಹಳೆಯ ಪಿಯಾನೋದ ಮುಚ್ಚಳ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಒಮ್ಮೆಲೇ ಖಾನಾಪುರದ ಅಜ್ಜಿಯ ಮನೆ ನೆನಪಾಯಿತು.

ಅಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಈ ಪಿಯಾನೋವನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಇದು ಎಲ್ಲಿಂದ ಬಂತಬೇ?" ಎಂದು ಕೇಳಿದರೆ, "ಮೊದಲಿಂದ ಐತಿ" ಎಂದಷ್ಟೇ ಅನ್ನುತ್ತಿದ್ದಳು. ಕೆಲವು ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅದರೊಳಗಿಂದ ಒಂದೇ ಒಂದು ಸ್ವರ ಕೇಳುತ್ತಿತ್ತು. "ಇಲಿ ಇರಬೇಕು, ಉಣ್ರಿ" ಅನ್ನುತ್ತಿದ್ದಳು ಅಜ್ಜಿ. ಆಮೇಲೆ ತಾನು ಮಾತ್ರ ತುತ್ತು ಎತ್ತುತ್ತಿರಲಿಲ್ಲ.

"ನೂರು ವರ್ಷದ ಮ್ಯಾಲಿಂದರೀ ಇದು, ವಿಲಾಯತಿ ಮಾಲು" ಎಂದರು ರಿಪೇರಿಯವರು. ಒತ್ತುವ ಪಟ್ಟಿಗಳನ್ನು ಬಿಚ್ಚಿ ಎತ್ತಿದಾಗ, ಅಡಿಯಲ್ಲಿ ಪುಟ್ಟದೊಂದು ಹಸಿರು ಗಾಜಿನ ಬಳೆ ಸಿಕ್ಕಿತು.

ಅದನ್ನು ನೋಡಿ ಅಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ನಾ ಹುಟ್ಟೂಕಿಂತ ಮೊದಲ ಒಬ್ಬಾಕಿ ಅಕ್ಕ ಇದ್ಲಂತ. ಆಕಿ ಕಲೀಲಿ ಅಂತ ನಿಮ್ಮಜ್ಜ ಬೆಳಗಾವಿ ಕ್ಯಾಂಪಿನ ಇಂಗ್ರೇಜಿ ದೊರಿ ಮನಿಯಿಂದ ಇದನ್ನ ತಂದಿದ್ರು. ಸಣ್ಣಾಕಿ ಇದ್ದಾಗ ಜ್ವರ ಬಂದು ಹೋದ್ಲಂತ."

"ಹೆಸರೇನ್ರಿ ಅಪ್ಪಾ?"

"ನಿಮ್ಮಜ್ಜಿ ಒಮ್ಮೆನೂ ಹೇಳಲಿಲ್ಲ."

ಬಳೆಯನ್ನು ಏನು ಮಾಡಲಿ ಎಂದು ರಿಪೇರಿಯವರು ಕೇಳಿದರು.

"ಎಲ್ಲಿತ್ತೋ ಅಲ್ಲೇ ಇಡ್ರಿ" ಎಂದರು ಅಪ್ಪ.